ಖಂಡೇ ಪೂಜೆಗೆ ಕೂತ ಮೋಡೆಮ್

ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮರ್ದಾನಸಾಬರು ಹತ್ತಿಳಿಯದ ಟೆಲಿಫೋನ್ ಕಂಬವಿಲ್ಲ. ಮೂವತ್ತೆರಡು ವರ್ಷ ಲೈನ್‌ಮನ್ ಆಗಿ ದುಡಿದು ನಿವೃತ್ತರಾದವರು ಅವರು. ಮನುಷ್ಯರ ಹೆಸರು ಮರೆಯುತ್ತಿದ್ದರು. ಮನೆಯ ಫೋನ್ ನಂಬರು ಮಾತ್ರ ಎಂದೂ ಮರೆತವರಲ್ಲ. ಸಂತೆಯಲ್ಲಿ ಯಾರಾದರೂ ಕೈ ಮುಗಿದರೆ, "ಏನ್ರಿ ಎಪ್ಪತ್ನಾಕು, ಆರಾಮ ಅದೀರೇನ್ರಿ?" ಎಂದು ನಂಬರಿನ ಕೊನೆಯ ಎರಡು ಅಂಕಿ ಹಿಡಿದೇ ಮಾತಾಡಿಸುವರು. ಹೆಂಡತಿ ರಾಜಾಬೀ ಒಮ್ಮೆ, "ನನ್ನ ನಂಬರ್ ಎಷ್ಟ್ರಿ ಹಂಗಾರ?" ಎಂದು ಕೆಣಕಿದಾಗ, "ನಿಂದು ಯಾವಾಗ ಹಚ್ಚಿದರೂ ಎಂಗೇಜ್ ಬರ್ತೈತಿ" ಎಂದು ಆ ದಿನದ ಚಹಾ ಕಳೆದುಕೊಂಡಿದ್ದರು.

ಮನೆಮನೆಗೆ ಇಂಟರ್‌ನೆಟ್ಟಿನ ಮೋಡೆಮ್ ಬಂದ ಮೇಲೆ ಸಾಬರು ಅದನ್ನೂ ಕಲಿತರು. ಆದರೆ ಅದರ ಮೇಲೆ ಅವರಿಗೆ ಪೂರ್ತಿ ವಿಶ್ವಾಸವಿರಲಿಲ್ಲ. "ಡಬ್ಬಿ ಸುಳ್ಳ ಹೇಳತೈತಿ, ತಂತಿ ಹೇಳಂಗಿಲ್ಲ. ಮೊದಲು ತಂತಿ ಕೇಳಬೇಕು, ಆಮ್ಯಾಲೆ ಡಬ್ಬಿ ಮುಟ್ಟಬೇಕು" ಎಂಬುದು ಅವರ ಕೆಲಸದ ಕಟ್ಟಳೆ. ಅದನ್ನು ಅವರು ಮೀರಿದ್ದು ಒಮ್ಮೆ ಮಾತ್ರ. ಅದು ತಳಕಲ್ಲಿನ ಹಂಪವ್ವನ ಮನೆಯಲ್ಲಿ.

ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ ಹಂಪವ್ವನ ಸೊಸೆ ಅಮೃತಾ ಫೋನ್ ಮಾಡಿದಳು. ಕಲ್ಲುಗೋಡೆಯ ಆ ಮನೆಯೊಳಗೆ ಮೊಬೈಲು ಹಿಡಿಯುವುದಿಲ್ಲ. ಮಾಳಿಗೆ ಹತ್ತಿ, ಮೂಲೆಗೆ ಸರಿದು ಮಾತಾಡಬೇಕು.

"ಕಾಕಾ, ನಿನ್ನೆಯಿಂದ ನೆಟ್ ಇಲ್ಲ. ಇವತ್ತ ಹನ್ನೆರಡಕ್ಕ ನನ್ನ ಪರೀಕ್ಷಾ ಪಾಠ ಐತ್ರಿ. ಮಕ್ಕಳಿಗೆ ಆನ್‌ಲೈನಿನಾಗ ಗಣಿತ ಕಲಿಸೋ ನೌಕರಿ. ಅರ್ಧ ತಾಸು ಪಾಠ ಮಾಡಿ ತೋರಿಸಬೇಕು. ನಡುವ ಕಡಿತು ಅಂದ್ರ ಮತ್ತ ಕರಿಯಂಗಿಲ್ಲಂತ."

"ಎಷ್ಟು ಮಂದಿ ಬಂದಾರವ್ವ ಆ ನೌಕರಿಗೆ?"

"ನೂರಾ ನಲವತ್ತು ಮಂದಿ. ಈಗ ಉಳಿದವ್ರು ನಾನೂ, ಇನ್ನ ಇಬ್ಬರೂ."

ಸಾಬರು ಮೊಪೆಡ್ಡಿನ ಹಿಂದೆ ಚೀಲ ಕಟ್ಟಿದರು. ಹತ್ತು ಗಂಟೆಗೆ ತಳಕಲ್ಲು ಮುಟ್ಟಿದರು.

ಹಂಪವ್ವ ಬಾಗಿಲಲ್ಲೇ ನಿಂತಿದ್ದಳು. ಮೊದಲು ಬನ್ನಿ ಎಲೆ ಕೈಗಿತ್ತು, "ಬನ್ನಿ ತಗೊಂಡು ಬಂಗಾರದಂಗ ಇರೋಣಣ್ಣಾ" ಎಂದಳು. ಆ ಮಾತು ಮುಗಿಯುವ ಮೊದಲೇ ಆಕೆಯ ಕಣ್ಣು ತುಂಬಿತು.

"ನಾನೇ ಮಾಡೀನ್ರಿ ಇದನ್ನ. ಖಂಡೇ ಪೂಜಿ ದಿವಸ ಕುಡುಗೋಲು, ಕುರ್ಪಿ ಎಲ್ಲಾ ಇಟ್ವಿ. ಸೊಸಿಯ ಆಯುಧ ಯಾವುದು? ಈ ಡಬ್ಬಿ. ಅದನ್ನ ಬಿಟ್ರ ಹೆಂಗ? ಹಸಿ ಅರಿವಿಲೆ ಒರಸಿ, ವಿಭೂತಿ ಬಡದು, ತಂಬಿಗಿ ನೀರು ಚಿಮುಕಿಸಿದೆ. ಮರುದಿವಸ ಸತ್ತೇ ಹೋತು!"

ಸಾಬರು ಒಳಗೆ ಬಂದು ನೋಡಿದರು. ಮೋಡೆಮ್ಮಿಗೆ ಅಡ್ಡ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಗಾಳಿಯಾಡುವ ತೂತುಗಳಲ್ಲೆಲ್ಲ ಅಕ್ಷತೆ. ಕರೆಂಟಿನ ದೀಪ ನೆಟ್ಟಗಿತ್ತು. ಲೈನಿನ ದೀಪ ಮಾತ್ರ ಕಣ್ಣು ಪಿಳುಕಿಸುತ್ತಿತ್ತು. ಅಪರಾಧಿ ತಾನಾಗಿ ಒಪ್ಪಿಕೊಂಡ ಮೇಲೆ ವಿಚಾರಣೆ ಏಕೆ? ಸಾಬರು ತಂತಿ ಕೇಳಲಿಲ್ಲ.

"ಸೂಜಿ ಕೊಡವ್ವ" ಎಂದರು. ಹಂಪವ್ವ ಕೌದಿ ಹೊಲಿಯುವ ದಬ್ಬಣ ತಂದಳು. ಅದರ ತುದಿಯಿಂದ ಹಿಂಬದಿಯ ಸಣ್ಣ ತೂತಿನ ಗುಂಡಿ ಒತ್ತಿದರು. ದೀಪಗಳೆಲ್ಲ ಆರಿ, ಹತ್ತಿ, ಲೈನಿನ ದೀಪ ಮತ್ತೆ ಪಿಳುಕಿಸತೊಡಗಿತು.

"ನೀರು ಕುಡದೈತಿ. ಬ್ಯಾರೆ ಹಾಕೂಣು" ಎಂದು ಚೀಲದಲ್ಲಿದ್ದ ಇನ್ನೊಂದು ಮೋಡೆಮ್ ತೆಗೆದರು. ಅಮೃತಾ ಲ್ಯಾಪ್‌ಟಾಪು ತೆರೆದು, ಹಳೆಯ ಕಾಗದ ಹುಡುಕಿ, ಗುರುತಿನ ಹೆಸರು, ಗುಪ್ತಪದ ಎಲ್ಲ ತುಂಬಿದಳು. ಅಷ್ಟಕ್ಕೇ ಮುಕ್ಕಾಲು ತಾಸು ಹೋಯಿತು. ಮೂವರೂ ಹೊಸ ಡಬ್ಬಿಯ ಮುಂದೆ ಕುಳಿತರು.

ಅದೂ ಪಿಳುಕಿಸಿತು.

"ಇದಕ್ಕ ನಾ ನೀರು ಹಾಕಿಲ್ರಿ!" ಎಂದಳು ಹಂಪವ್ವ.

ಅಮೃತಾ ಗಡಿಯಾರ ನೋಡಿದಳು. ಹನ್ನೊಂದು ದಾಟಿತ್ತು. "ಮಾಳಿಗಿ ಮ್ಯಾಲೆ ಹೋಗಿ ಮೊಬೈಲಿನಾಗ ಮಾಡ್ಲೇನ್ರಿ ಅತ್ತಿ?"

"ಅಲ್ಲಿ ಒಂದು ಮಾತು ಬರ್ತೈತಿ, ಎರಡು ಹಾರತಾವು. ಎರಡೂ ಎರಡೂ ಎಷ್ಟು ಅಂತ ಕೇಳಿದ್ರ, ಆ ಕೂಸಿಗೆ 'ಎಷ್ಟು' ಅಷ್ಟ ಕೇಳತೈತಿ."

ಸಾಬರು ತಮ್ಮ ಹಣೆ ತಾವೇ ಬಡಿದುಕೊಂಡರು. "ಅಕ್ಕಾರ, ತಪ್ಪು ನಿಮ್ಮದಲ್ರಿ. ನಿಮ್ಮ ಮಾತು ಕೇಳಿದ್ನಲ್ಲ, ಆ ತಪ್ಪು ನಂದು." ಚೀಲದ ತಳದಿಂದ ತಂತಿ ಕೇಳುವ ತಮ್ಮ ಹಳೆಯ ಕೈಫೋನು ತೆಗೆದು, ಅದರ ಎರಡು ಚಿಮಟಿಗಳನ್ನು ಗೋಡೆಯ ಪೆಟ್ಟಿಗೆಯೊಳಗಿನ ತಂತಿಗೆ ಕಚ್ಚಿಸಿ, ಕಿವಿಗಿಟ್ಟು ಕಣ್ಣು ಮುಚ್ಚಿದರು.

"ಕರ್ರ್ ಅಂತೈತಿ... ಈಗ ಸುಮ್ಮನಾತು... ಮತ್ತ ಕರ್ರ್."

"ಯಾರೋ ಬಾನಾಮತಿ ಮಾಡ್ಯಾರ ಅನ್ರಿ" ಎಂದಳು ಹಂಪವ್ವ.

ಸಾಬರು ಕಣ್ಣು ತೆರೆದರು. ಎದುರಿಗೆ ತಲೆಬಾಗಿಲು. ಅದರ ಮೇಲೆ ಹಬ್ಬದ ತೋರಣ. ಮಾವಿನ ಎಲೆ, ಚೆಂಡು ಹೂವು, ಅಲ್ಲಲ್ಲಿ ದಪ್ಪ ಸಜ್ಜೆ ತೆನೆ. ಗಾಳಿ ಬೀಸಿತು. ತೋರಣ ಬಲಕ್ಕೆ ತೂಗಿತು. ಕಿವಿಯಲ್ಲಿ ಕರ್ರ್ ಎಂದಿತು. ಗಾಳಿ ನಿಂತಿತು. ತೋರಣ ನಿಂತಿತು. ಕಿವಿಯಲ್ಲಿ ನಿಶ್ಶಬ್ದ.

"ಅಕ್ಕಾರ, ಆ ತೋರಣ ಯಾವುದಕ್ಕ ಕಟ್ಟೀರಿ?"

"ಅಲ್ಲೊಂದು ಕರೀ ಹಗ್ಗ ಐತಲ್ರಿ, ಗಟ್ಟಿ ಐತಿ ಅಂತ..."

ಅಮೃತಾ ಬಾಯಿಗೆ ಕೈ ಹಿಡಿದು ನಗು ತಡೆದಳು. ಅದು ಕಂಬದಿಂದ ಬಂದ ಫೋನಿನ ತಂತಿ. ಹೊರಗೆ ಸ್ಟೂಲು ಹತ್ತಿ ನೋಡಿದರೆ, ಬಾಗಿಲ ನೆತ್ತಿಯ ಹಳೆಯ ಜೋಡಣೆ ಸಜ್ಜೆಯ ಭಾರಕ್ಕೆ ಜಗ್ಗಿ, ಒಂದು ತಂತಿ ಕೂದಲೆಳೆಯಷ್ಟು ತಾಮ್ರದಲ್ಲಿ ನೇತಾಡುತ್ತಿತ್ತು.

ಸಾಬರು ಚಾಕು ತೆಗೆದರು. ಹಂಪವ್ವ ಸ್ಟೂಲು ಹಿಡಿದು ಅಲ್ಲಾಡಿಸಿದಳು.

"ಅಣ್ಣಾ, ಅದನ್ನ ಬಿಚ್ಚಬ್ಯಾಡ್ರಿ! ಹಬ್ಬಕ್ಕ ಕಟ್ಟಿದ ತೋರಣ ತಾನಾಗಿ ಒಣಗಬೇಕು. ಕೈಲೆ ಬಿಚ್ಚಿದ್ರ ಮನಿಗೆ ಛಲೋ ಅಲ್ಲ. ಇವತ್ತ ಸೊಸಿಯ ಪರೀಕ್ಷಾ ಬ್ಯಾರೆ ಐತಿ."

"ಪರೀಕ್ಷಾ ಐತಿ ಅಂತನ ಬಿಚ್ಚಬೇಕ್ರಿ ಅತ್ತಿ!" ಎಂದಳು ಅಮೃತಾ. ಈಗ ಆಕೆ ನಗುತ್ತಿರಲಿಲ್ಲ. ಹನ್ನೊಂದೂವರೆ.

ಸಾಬರು ಸ್ಟೂಲಿನ ಮೇಲೆ ನಿಂತೇ ಒಂದು ಗಳಿಗೆ ಯೋಚಿಸಿದರು. ಮೂವತ್ತೆರಡು ವರ್ಷ ಜನರ ಬಾಗಿಲ ಮೇಲೆಯೇ ಕೆಲಸ ಮಾಡಿದವರು. ಯಾರ ಬಾಗಿಲಿಗೆ ಏನು ಕಟ್ಟಿರುತ್ತದೆ, ಅದು ಮನೆಯವರಿಗೆ ಎಷ್ಟು ದೊಡ್ಡದು ಎಂಬುದು ಅವರಿಗೆ ತಿಳಿಯದ್ದಲ್ಲ.

"ತೋರಣ ಬಿಚ್ಚಂಗಿಲ್ರಿ ಅಕ್ಕಾರ. ಅದು ಹೆಂಗೈತಿ ಹಂಗ ಇರಲಿ. ನನ್ನ ತಂತೀನ ನಾ ಬಿಚ್ಚಿಕೊಂತೀನಿ. ಅದನ್ನೇನು ನೀವು ಹಬ್ಬಕ್ಕ ಕಟ್ಟಿಲ್ಲಲ್ಲ?"

ಹಂಪವ್ವ ಸ್ಟೂಲು ಅಲ್ಲಾಡಿಸುವುದನ್ನು ಬಿಟ್ಟಳು. ಆ ನ್ಯಾಯದಲ್ಲಿ ತಪ್ಪು ಸಿಗಲಿಲ್ಲ. "ಅದನ್ನ ಬಿಚ್ಚಿಕೋರಿ" ಎಂದಳು.

ಮುಂದೆ ಆ ಬಾಗಿಲಲ್ಲಿ ನಡೆದದ್ದನ್ನು ಓಣಿಯವರು ನಿಂತು ನೋಡಿದರು. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ, ಇಬ್ಬರೂ ಎರಡು ಕೋಲುಗಳಿಂದ ತೋರಣವನ್ನು ಎತ್ತಿ ಹಿಡಿದಿದ್ದಾರೆ. ನಡುವೆ ಸಾಬರು ಚೆಂಡು ಹೂವಿನಲ್ಲಿ ಮುಖ ಹುದುಗಿಸಿ ಚೌಕಟ್ಟಿಗೆ ಎರಡು ಮೊಳೆ ಹೊಡೆಯುತ್ತಿದ್ದಾರೆ. ಗಂಟು ಬಿಚ್ಚದೆ ಹೊಸ ಸುತಳಿ ಸುತ್ತಿ ತೋರಣದ ಭಾರವನ್ನು ಮೊಳೆಗೆ ಹಾಕಿದರು. ಆಮೇಲೆ ತಂತಿಯನ್ನು ಕತ್ತರಿಸಿ, ಗಂಟುಗಳೊಳಗಿನಿಂದ ಹಾವಿನಂತೆ ಮೆಲ್ಲನೆ ಎಳೆದುಕೊಂಡರು.

"ಅಮೃತಾ, ಕೋಲು ಎತ್ತಿ ಹಿಡಿಯವ್ವ, ಸಜ್ಜಿ ಕಣ್ಣಾಗ ಬೀಳಾಕತ್ತೈತಿ."

"ಕಾಕಾ, ಹನ್ನೆರಡಕ್ಕ ಹತ್ತು ನಿಮಿಷ ಐತ್ರಿ!"

"ಗಡಿಯಾರ ಓದಬ್ಯಾಡ. ಓದಿದ್ರ ತಾಮ್ರ ಬಿಟ್ಟು ಬೆರಳು ಹೆರೀತೀನಿ."

ತಾಮ್ರ ಹೆರೆದು, ಹೊಸೆದು, ಪಟ್ಟಿ ಸುತ್ತಿದರು. ಒಳಗೆ ಲೈನಿನ ದೀಪ ಒಮ್ಮೆ ಪಿಳುಕಿಸಿತು, ಬೇಗಬೇಗ ಪಿಳುಕಿಸಿತು, ಆಮೇಲೆ ನೆಟ್ಟಗೆ ಹತ್ತಿ ನಿಂತಿತು. ಅಮೃತಾ ತಲೆಯ ಮೇಲಿನ ಹೂವಿನ ಎಸಳನ್ನೂ ಕೊಡವದೆ ಕುರ್ಚಿಯಲ್ಲಿ ಕುಳಿತಳು. ಬಾಗಿಲು ಮುಚ್ಚಿಕೊಂಡಿತು.

ಕಟ್ಟೆಯ ಮೇಲೆ ಹಂಪವ್ವ, ಸಾಬರು ಇಬ್ಬರೂ ಕುಳಿತರು. ಒಳಗಿನಿಂದ ಅಮೃತಾಳ ದನಿ ಕೇಳುತ್ತಿತ್ತು. ಒಂದು ರೊಟ್ಟಿಯನ್ನು ನಾಲ್ಕು ಪಾಲು ಮಾಡಿ, ಮೂರು ತಿಂದರೆ ಎಷ್ಟು ಉಳಿಯಿತು ಎಂದು ಆಕೆ ಯಾವುದೋ ಊರಿನ ಕೂಸಿಗೆ ಕೇಳುತ್ತಿದ್ದಳು.

"ನಮ್ಮ ಮನ್ಯಾಗ ಯಾರೂ ಮುಕ್ಕಾಲು ರೊಟ್ಟಿ ತಿಂದು ಎದ್ದಿಲ್ಲ" ಎಂದು ಹಂಪವ್ವ ಪಿಸುಗುಟ್ಟಿದಳು. ಸಾಬರಿಗೆ ಅದು ಕೇಳಿಸಲಿಲ್ಲ. ಗಾಳಿ ಮತ್ತೆ ಎದ್ದಿತ್ತು. ತೋರಣ ತೂಗುತ್ತಿತ್ತು. ಅವರು ಜೋಡಣೆಯಿಂದ ಕಣ್ಣು ಕೀಳಲಿಲ್ಲ. ಒಳಗಿನ ದನಿ ಎಲ್ಲಿಯೂ ಕಡಿಯಲಿಲ್ಲ.

ಹನ್ನೆರಡೂ ಮುಕ್ಕಾಲಿಗೆ ಬಾಗಿಲು ತೆರೆಯಿತು.

"ಸೋಮವಾರದಿಂದ ಶುರು ಮಾಡು ಅಂದ್ರು. ದಿನಾ ಮೂರು ತಾಸು" ಎಂದಳು ಅಮೃತಾ. ಹಂಪವ್ವ ಸೊಸೆಯ ಗಲ್ಲ ಸವರಿ, ತನ್ನ ಹಣೆಗೆ ಬೆರಳು ಒತ್ತಿ ನೆಟಿಗೆ ಮುರಿದಳು. ಕಣ್ಣೊರೆಸುತ್ತ ಒಲೆಯ ಕಡೆಗೆ ಓಡಿದಳು.

"ದಿನಾ ಮೂರು ತಾಸಾ?" ಎಂದರು ಸಾಬರು. ಎದ್ದು ಚೀಲ ಹೆಗಲಿಗೇರಿಸಿದರು. "ಹಂಗಾರ ಊಟಾ ಆಮ್ಯಾಲೆ. ಇಲ್ಲಿಂದ ಕಂಬದ ತನಕ ಇನ್ನೂ ಮೂರು ಜೋಡಣಿ ಅದಾವು, ಎಲ್ಲಾ ನನ್ನ ಕೈಲೆನ ಹಾಕಿದ್ದು. ಒಂದು ಸಲ ಕೇಳಿ ಬರ್ತೀನಿ."

ಅಂಗಳ ದಾಟಿ, ತಲೆ ಮೇಲೆತ್ತಿ, ತಂತಿಯ ನೆರಳಿನಲ್ಲೇ ನಡೆಯುತ್ತ ಹೊರಟರು.