ನಾಲ್ಕನೆಯ ಪುಟಕ್ಕೆ ಹಾಕಿದ ಸಹಿ

ಎಂಬತ್ತರ ದಶಕದ ನಡುವೆ ನಾನು ಹೊಸೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅದು ಸಾಲದೆಂಬಂತೆ ಇನ್ನೊಂದು ತಲೆನೋವನ್ನು ಮೈಮೇಲೆ ಎಳೆದುಕೊಂಡಿದ್ದೆ. ಬಾಗಲೂರು ರಸ್ತೆಯಲ್ಲಿದ್ದ ನಿವೃತ್ತ ಪ್ರೊಫೆಸರೊಬ್ಬರು ಮೂರು ತಿಂಗಳಿಗೊಮ್ಮೆ ಇಂಗ್ಲಿಷಿನಲ್ಲಿ ಒಂದು ವಿಜ್ಞಾನ ಪತ್ರಿಕೆ ತರುತ್ತಿದ್ದರು. ಜೀವಶಾಸ್ತ್ರವನ್ನು ಲೆಕ್ಕದಿಂದ, ಕಂಪ್ಯೂಟರಿನಿಂದ ಅರ್ಥಮಾಡಿಕೊಳ್ಳಲು ಹೊರಟವರಿಗಾಗಿ ಇದ್ದ ಪತ್ರಿಕೆ ಅದು. ಲೇಖನ ಆರಿಸುವುದು ಅವರು. ಕರಡು ತಿದ್ದಿ, ಅಚ್ಚು ಹಾಕಿಸಿ, ಅಂಚೆಗೆ ಕೊಡುವುದು ನಾನು. ಸಂಚಿಕೆ ಹೊರಬರುವ ವಾರ ನನಗೆ ಅನ್ನ ಸೇರುತ್ತಿರಲಿಲ್ಲ. ನಿಮ್ಮ ಪರೀಕ್ಷೆಗೂ ನೀವು ಇಷ್ಟು ಹೆದರಿರಲಾರಿರಿ ಎಂದು ಮನೆಯವಳು ಆಡಿಕೊಳ್ಳುತ್ತಿದ್ದಳು.

ಆ ಸಲ ದೂರದ ಊರಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಲೇಖನ ಬಂದಿತ್ತು. ಅವಳ ಮೊದಲ ಲೇಖನ. ಎರಡು ಜೀವಿಗಳ ಡಿಎನ್‌ಎ ಹೋಲಿಸಿ ಐದು ಪುಟದ ಪಟ್ಟಿ ಮಾಡಿದ್ದಳು. ಪುಟದ ತುಂಬ ಎ, ಟಿ, ಜಿ, ಸಿ ಎಂಬ ನಾಲ್ಕೇ ಇಂಗ್ಲಿಷ್ ಅಕ್ಷರ.

ಪ್ರೆಸ್ಸಿನಲ್ಲಿ ಒಂದೊಂದೇ ಅಕ್ಷರದ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಉದ್ದನಪಲ್ಲಿಯ ರೈತರ ಮನೆಯವರು, ನನಗಿಂತ ಹಿರಿಯರು. ಮದುವೆಯ ಕರೆಯೋಲೆಯನ್ನು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಕಣ್ಣು ಮುಚ್ಚಿ ಜೋಡಿಸುವ ಕೈ ಅವರದು. ತೊಂದರೆ ಇದ್ದದ್ದು ಬೇರೆ ಕಡೆ. ದೊಡ್ಡ ಜಿ, ದೊಡ್ಡ ಸಿ ಸೀಸದ ಮೊಳೆಗಳು ಅಷ್ಟೊಂದು ಯಾವ ಪ್ರೆಸ್ಸಿನಲ್ಲಿರುತ್ತವೆ? ಒಂದು ಪುಟ ಜೋಡಿಸುವಷ್ಟರಲ್ಲಿ ಮೊಳೆಯ ಗೂಡು ಖಾಲಿ. ನಾನು ಆ ಪುಟದ ಕರಡು ನೋಡಿ ಸಹಿ ಹಾಕಬೇಕು, ಅದು ಅಚ್ಚಾಗಬೇಕು, ಮೊಳೆ ಬಿಚ್ಚಿ ಗೂಡಿಗೆ ಹಾಕಬೇಕು, ಆಮೇಲೆಯೇ ಮುಂದಿನ ಪುಟ. ನನ್ನ ಸಹಿ ಬೀಳುವ ತನಕ ಮಷೀನು ನಿಂತಿರುತ್ತಿತ್ತು. ಅವರೂ ಮಸಿ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲೇ ನಿಂತಿರುತ್ತಿದ್ದರು.

ಮೂರು ಪುಟಗಳನ್ನು ಸ್ಕೇಲು ಇಟ್ಟು ಸಾಲು ಸಾಲಾಗಿ ನೋಡಿದೆ. ನಾಲ್ಕನೆಯದು ಬಂದ ದಿನ ಅಂಚೆಟ್ಟಿಯಲ್ಲಿ ತಂಗಿಯ ಮಗುವಿಗೆ ನಾಮಕರಣ. ಆ ಬಸ್ಸು ತಪ್ಪಿದರೆ ಇನ್ನೊಂದಿಲ್ಲ. ಅರ್ಧ ಪುಟ ನೋಡಿದೆ, ಉಳಿದರ್ಧದ ಮೇಲೆ ಕಣ್ಣಾಡಿಸಿ ಸಹಿ ಗೀಚಿ ಓಡಿದೆ.

ಪ್ರತಿಗಳು ಹೊಲಿಗೆಯಾಗಿ ಬಂದಾಗ ಮೊದಲನೆಯದನ್ನು ನಮ್ಮ ರೂಢಿಯಂತೆ ಲೇಖಕಿಗೆ ಕಳಿಸಿದೆ. ಮಾರನೆಯ ದಿನ ಇನ್ನೊಂದು ಪ್ರತಿ ತೆಗೆದು, ಅಂದು ನೋಡದೆ ಬಿಟ್ಟ ಅರ್ಧ ಪುಟವನ್ನು ಅವಳ ಪಟ್ಟಿಯ ಪಕ್ಕ ಸ್ಕೇಲಿಟ್ಟು ನೋಡಿದೆ. ನಾಲ್ಕನೆಯ ಪುಟದ ಕೆಳಗೆ ಒಂದೇ ಸಾಲು ಎರಡು ಸಲ ಬಂದಿತ್ತು; ಅಲ್ಲಿ ಬರಬೇಕಾದ ಸಾಲು ಇರಲೇ ಇಲ್ಲ. ಕಥೆಯಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು, ಇಲ್ಲಿ ಎಲ್ಲ ಸಾಲೂ ಕಣ್ಣಿಗೆ ಒಂದೇ. ಪ್ರೆಸ್ಸಿಗೆ ಓಡಿ, ಏನು ಮಾಡಿಟ್ಟಿದ್ದೀರಿ ನೋಡಿ ಎಂದು ಮೊಳೆ ಜೋಡಿಸಿದ ಹಿರಿಯರ ಮೇಲೆ ರೇಗಾಡಿದೆ. ಅವರು ಹಳೆಯ ಕರಡನ್ನು ಹುಡುಕಿ ತಂದು ಮುಂದಿಟ್ಟರು.

"ಜೋಡ್ಸಿದ್ದು ನಾನೇ, ತಪ್ಪು ನಂದೇಯ. ಸೈನ್ ಯಾರ್ದು, ಅದ್ನೂ ವಸಿ ನೋಡ್ಕಳಿ ಮೇಷ್ಟ್ರೇ."

ನಾಚಿಕೆಯಿಂದ ಸತ್ತೆ. ದಾರಿ ತೋರಿಸಿದವರೂ ಅವರೇ. ಬಿಟ್ಟುಹೋದ ಸಾಲೊಂದನ್ನೇ ಸಣ್ಣ ಚೀಟಿಗಳ ಮೇಲೆ ಅಚ್ಚು ಮಾಡಿ, ಉಳಿದ ಅಷ್ಟೂ ಪ್ರತಿಗಳಲ್ಲಿ ತಪ್ಪು ಸಾಲಿನ ಮೇಲೆ ಇಬ್ಬರೂ ಕೂತು ಅಂಟಿಸಿದೆವು. ಪ್ರೊಫೆಸರು ಚೀಟಿ ನೋಡಿದರು, ನನ್ನ ಮುಖ ನೋಡಿದರು, ಲೇಖಕಿಗೆ ತಿಳಿಸಿದಿರಾ ಎಂದು ಕೇಳಿದರು. ಬರೆದಿದ್ದೇನೆ ಸಾರ್ ಎಂದುಬಿಟ್ಟೆ.

ಬರೆದಿರಲಿಲ್ಲ. ಇನ್‌ಲ್ಯಾಂಡ್ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಬರುತ್ತಿದ್ದೆ. ಏನಂತ ಬರೆಯುವುದು? ಬಸ್ಸಿಗೆ ಹೊತ್ತಾಗಿತ್ತು ಎಂದೇ? ಅವಳೇ ಬೈದು ಬರೆಯಲಿ, ಆಗ ಕಾಲು ಹಿಡಿದರಾಯಿತು ಎಂದು ಹೇಡಿಯ ಹಾಗೆ ಕಾದೆ.

ಒಂದೂವರೆ ತಿಂಗಳಾದ ಮೇಲೆ ಅವಳ ಕಾಗದ ಬಂತು. ಒಂದು ಬೈಗುಳವಿಲ್ಲ. ನಾಲ್ಕನೆಯ ಪುಟದಲ್ಲಿ ಒಂದು ಸಾಲು ತಪ್ಪಿದೆ, ನಿಮಗೆ ಕಳಿಸಿದ ಪಟ್ಟಿಯ ನಕಲು ನನ್ನ ಬಳಿ ಇಲ್ಲ, ಕಂಪ್ಯೂಟರಿನ ಹಾಳೆಯಿಂದ ಬರೆದುಕೊಳ್ಳುವಾಗ ನಾನೇ ಎಡವಿರಬೇಕು ಎಂದು ಬರೆದಿದ್ದಳು. ತನ್ನ ಸಂಶೋಧನೆಯ ಗೈಡಿನ ಮುಂದೆ ತಪ್ಪು ಒಪ್ಪಿಕೊಂಡಿದ್ದಳಂತೆ. ಅವರು ಮುಂದಿನ ಲೇಖನವನ್ನು ಸದ್ಯಕ್ಕೆ ತಡೆಹಿಡಿದಿದ್ದರಂತೆ. ಪತ್ರಿಕೆಗೆ ಕೆಟ್ಟ ಹೆಸರು ಬಾರದಂತೆ ತಿದ್ದುಪಡಿಯನ್ನು ಲೇಖಕಿಯ ತಪ್ಪೆಂದೇ ಹಾಕಿಬಿಡಿ, ನಿಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎಂದು ಕಾಗದ ಮುಗಿಸಿದ್ದಳು.

ಕಾಗದ ಹಿಡಿದುಕೊಂಡು ಪ್ರೊಫೆಸರ ಮನೆಗೆ ಹೋದೆ. ಅವರು ಎರಡು ಸಲ ಓದಿದರು.

"ಬರೆದಿದ್ದೀನಿ ಅಂದ್ರಲ್ಲ?"

ಇಲ್ಲ ಸಾರ್ ಎಂದೆ. ಅವರು ತಮ್ಮ ಪೆನ್ನನ್ನು ನನ್ನ ಕಡೆ ತಳ್ಳಿದರು. ಅವರ ಎದುರೇ ಕೂತು ಮೊದಲು ಗೈಡಿಗೆ ಬರೆದೆ, ಸಹಿ ನನ್ನದು, ತಪ್ಪು ನನ್ನದು ಎಂದು. ಆಮೇಲೆ ಅವಳಿಗೆ ಬರೆದೆ. ನಡೆದದ್ದೆಲ್ಲ ಬರೆದೆ, ಕೊನೆಯಲ್ಲಿ ಕ್ಷಮಿಸಿ ಎಂದು ಬರೆಯಲು ಮಾತ್ರ ಕೈ ಏಳಲಿಲ್ಲ. ಆ ಮಾತನ್ನು ಅವಳು ಆಗಲೇ ನನಗೆ ಬರೆದುಬಿಟ್ಟಿದ್ದಳು.