ನನಗೂ ಕಡ್ಲೆಗೂ ಒಂದೇ ಪಥ್ಯ

ಆಗೆಲ್ಲ ಕಡಹಿನಬೈಲಿನ ದೊಡ್ಡಮ್ಮನ ಮನೆಯಲ್ಲಿ ಬೆಳಗಿನ ಕಾಫಿಗಿಂತ ಮೊದಲು ಹಂದಿಗಳನ್ನು ಕೂಡುವ ಒಡ್ಡಿಯ ತಪಾಸಣೆ. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, ಕಡ್ಡಿಯಲ್ಲಿ ಲದ್ದಿ ಕೆದಕಿ ನೋಡುತ್ತಿದ್ದಳು. "ಮುಖ ಸುಳ್ಳು ಹೇಳ್ತದೆ, ಇದು ಹೇಳಲ್ಲ" ಎನ್ನುವಳು.

ಹಿತ್ತಲ ಒಲೆಯ ಮೇಲೆ ಕೆಸುವಿನ ದಂಟು, ಬಾಳೆದಿಂಡು ಬೇಯುತ್ತಿರುತ್ತಿದ್ದವು. ಕೆಸು ಸರಿಯಾಗಿ ಬೇಯದಿದ್ದರೆ ಹಂದಿಗೂ ಬಾಯಿ ತುರಿಸುತ್ತದೆ. ಬೆಂದದ್ದು ಆರಿದ ಮೇಲೆ ತೌಡು, ಅಕ್ಕಿ ತೊಳೆದ ನೀರು ಸೇರಿಸಿ ಕಲಸಿ ಮರದ ಮರಿಗೆಗೆ ಸುರಿಯುವುದು. ಆ ಹುಳಿ ಹುಳಿ ವಾಸನೆಯೇ ನನಗೆ ಇಂದಿಗೂ ಬೇಸಿಗೆ ರಜೆಯ ವಾಸನೆ.

ಆ ವರ್ಷ ಹಂದಿ ಎಂಟು ಮರಿ ಹಾಕಿತ್ತು. ಎಲ್ಲಕ್ಕಿಂತ ಸಣ್ಣದನ್ನು ಉಳಿದವು ಮರಿಗೆಯ ಹತ್ತಿರವೇ ಬಿಡುತ್ತಿರಲಿಲ್ಲ. "ಸಾಕಿ ಬದುಕಿಸಿದ್ರೆ ಅದು ನಿಂದೇ" ಎಂದಳು ದೊಡ್ಡಮ್ಮ. ನಾನು ಅದಕ್ಕೆ ಕಡ್ಲೆ ಎಂದು ಹೆಸರಿಟ್ಟೆ.

ಹಲಸಿನ ಕಾಲ. ದೊಡ್ಡಮ್ಮ ಮರಿಗಳಿಗೆ ಹಣ್ಣು ಹಾಕುತ್ತಿದ್ದುದು ಒಂದು ಹಿಡಿ, ಅದೂ ತೌಡಿನ ಜೊತೆ. ನನಗೋ ಅವಸರ. ಸಿಹಿ ತಿಂದರೆ ಬೇಗ ದಪ್ಪ ಆಗಬೇಕಲ್ಲ? ಬಚ್ಚಲ ಹಿಂದೆ ಬಕ್ಕೆ ಹಲಸು ಬಿಡಿಸಿಕೊಂಡು ಕೂತೆ. ನನಗೊಂದು ತೊಳೆ, ಕಡ್ಲೆಗೆರಡು.

ಮರುದಿನ ಕಡ್ಲೆ ಮೂಲೆಯಲ್ಲಿ ಬಿದ್ದಿತ್ತು. ಹೊಟ್ಟೆ ಡೋಲು, ಹಿಂಭಾಗವೆಲ್ಲ ಒದ್ದೆ. ಬೆಳಗಿನಿಂದ ನಾನೂ ಮೂರು ಸಲ ಓಡಿದ್ದೆ.

ದೊಡ್ಡಮ್ಮ ಕಡ್ಡಿಯಲ್ಲಿ ಕೆದಕಿದಳು. ಹಳದಿ ನಾರು.

"ಎಂತ ತಿನ್ಸಿದ್ಯೆ ಮಾರಾಯ್ತಿ?"

"ಎಂತಾ ಇಲ್ಲ ದೊಡ್ಡಮ್ಮ."

"ಬಕ್ಕೆ ಹಲಸು ಅಂತ ಇಲ್ಲೇ ಬರ್ದಿದೆ. ನಿಂದೂ ನೋಡ್ಬೇಕಾ?"

ನಾನು ಅಳುತ್ತ ಎಲ್ಲ ಒಪ್ಪಿಕೊಂಡೆ. "ಕಡ್ಲೆ ಸಾಯ್ತದಾ?"

"ಅದರ ಹೊಟ್ಟೆಗೂ ನಿನ್ ಹಾಗೆ ರಜೆ ಬೇಕು ಕಣೆ. ಎರಡು ದಿನ ಕೊಡಾಣ."

ಕಡ್ಲೆಗೆ ಕಾಯಿಸಿ ಆರಿಸಿದ ನೀರು, ಉಪ್ಪು ಹಾಕಿದ ಗಂಜಿ ತಿಳಿ, ಅದರಲ್ಲಿ ಚಿಟಿಕೆ ಇದ್ದಿಲ ಪುಡಿ. ತೊಡೆಯ ಮೇಲೆ ಮಲಗಿಸಿ ಚಮಚದಲ್ಲಿ ಕುಡಿಸಿದ್ದು ನಾನೇ. ಊಟಕ್ಕೆ ಕೂತರೆ ನನ್ನ ತಟ್ಟೆಗೂ ಅದೇ ಗಂಜಿ.

"ಇಬ್ರದ್ದೂ ಒಂದೇ ಪಂಕ್ತಿ! ಇವ್ಳಿಗೆ ಇದ್ದಿಲು ಬೇಡ್ವಾ?" ಎಂದು ದೊಡ್ಡಪ್ಪ ಹಲಸಿನ ಹಪ್ಪಳ ಕಟುಂ ಕಟುಂ ಎಂದು ಕಡಿದರು.

ಮೂರನೆಯ ಬೆಳಿಗ್ಗೆ ದೊಡ್ಡಮ್ಮನ ಕೂಗು. "ಎಲ್ರೂ ಬನ್ರೋ! ಗಟ್ಟಿ ಆಗಿದೆ!" ದೊಡ್ಡಪ್ಪ ಕಾಫಿ ಲೋಟದ ಸಮೇತ ಓಡಿ ಬಂದರು. ಹಬ್ಬದ ರಂಗೋಲಿ ನೋಡುವವರಂತೆ ಎಲ್ಲರೂ ಬಗ್ಗಿ ನೋಡಿದೆವು. ಕಡ್ಲೆಗೆ ಇದಾವುದರ ಪರಿವೆಯೂ ಇಲ್ಲ. ಅಣ್ಣಮರಿಯೊಂದರ ಬೆನ್ನೇರಿ ಮರಿಗೆಯೊಳಗೆ ಮೂತಿ ಇಳಿಸಿತ್ತು.

"ಹೋಗು, ನಿಂದೇ" ಎಂದಳು ದೊಡ್ಡಮ್ಮ.

ಈಗ ಆ ಒಡ್ಡಿ ಇಲ್ಲ, ದೊಡ್ಡಮ್ಮನೂ ಇಲ್ಲ. ಹಂದಿ ಸಾಕುವವರ ಮನೆಗೆ ಮೇವು ಚೀಲದಲ್ಲಿ ಬರುತ್ತದೆ. ಒಳಗೆ ಏನಿದೆ ಎಂದು ಚೀಲದ ಮೇಲೇ ಅಚ್ಚಾಗಿರುತ್ತದೆ. ಕಳೆದ ತಿಂಗಳು ನನ್ನ ಹೊಟ್ಟೆ ಕೆಟ್ಟಿತು. ಮಾತ್ರೆ ನುಂಗಿದೆ, ಮೂರನೆಯ ದಿನಕ್ಕೆ ಸರಿಹೋಯಿತು. ಕಕ್ಕಸಿನಿಂದ ಹೊರಗೆ ಬಂದು ಒಂದು ಗಳಿಗೆ ನಿಂತೆ. ಗಟ್ಟಿ ಆಗಿದೆ ಎಂದು ಯಾರನ್ನು ಕರೆದು ಹೇಳುವುದು?