ಕೊನೆಗೆ ಉಳಿದ ಒಂಟಿ ಕುರಿ

ಯಗಟಿಯ ಹೊರಗಿನ ಹೊಲದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬಲೆಬೇಲಿಯ ಕಿಂಡಿಯಲ್ಲಿ ನಿಂತು, ಅರವತ್ತೆರಡರ ಅಂಜಿನಮ್ಮ ಕುರಿಗಳನ್ನು ಎರಡೆರಡಾಗಿ ಹೊರಗೆ ಬಿಡುತ್ತಿದ್ದಾರೆ. "ಜೋಡಿ... ಜೋಡಿ... ಜೋಡಿ..." ಕೊನೆಗೆ ಒಂದೇ ಕುರಿ ಉಳಿಯುತ್ತದೆ. ಅವರ ಮುಖ ಬಿಳಿಚಿಕೊಳ್ಳುತ್ತದೆ.

"ಒಂದು ಕುರಿ ಇಲ್ಲ ಕಣ್ರೀ!"

ಇವರ ಬಗ್ಗೆ ಬರೆಯಲೆಂದು ಬಂದ ನನಗೆ ಅಚ್ಚರಿ. ಇವರಿಗೆ ಎಣಿಸಲು ಬರುವುದು ಇಪ್ಪತ್ತರವರೆಗೆ ಮಾತ್ರ. ಮಂದೆಯಲ್ಲಿರುವುದು ಮೂರು ಮನೆಯ ನೂರ ನಲವತ್ತಕ್ಕೂ ಹೆಚ್ಚು ಕುರಿ. ಒಂದು ಇಲ್ಲವೆಂದು ಹೇಗೆ ಗೊತ್ತಾಯಿತು?

ಸಂಜೆ ಮಂದೆ ಕೂಡುವಾಗ ಪ್ರತಿ ಮನೆಯವರೂ ತಮ್ಮ ಕುರಿಗಳನ್ನು ಎರಡೆರಡಾಗಿ ಒಳಗೆ ಬಿಡುತ್ತಾರೆ. ಏನೂ ಉಳಿಯದಿದ್ದರೆ 'ಜೋಡಿ', ಒಂದು ಉಳಿದರೆ 'ಒಂಟಿ' ಎಂದು ಕೂಗಿ ಹೇಳುವುದು ಇವರ ರೂಢಿ. ನಿನ್ನೆ ಉಳಿದೆರಡು ಮನೆಯವರಲ್ಲಿ ದೊಡ್ಡಬೀರಪ್ಪ ಒಂಟಿ ಎಂದಿದ್ದರು, ಹೇಮಾವತಿಯೂ ಒಂಟಿ ಎಂದಿದ್ದರು. ಅಂಜಿನಮ್ಮನದು ಜೋಡಿ.

"ಇಬ್ರೂ ಒಂಟಿ ಅಂದ್ಮೇಲೆ ಕೊನೇಲಿ ಒಂಟಿ ಉಳೀಬೇಕಲ್ವಾ? ಸುಮ್ಕಿರಕ್ಕ" ಎನ್ನುತ್ತಾರೆ ದೊಡ್ಡಬೀರಪ್ಪ, ಬೀಡಿ ಹಚ್ಚುತ್ತ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಬಿ.ಎಸ್ಸಿ. ಓದಿದ ನಾನೂ ಹೌದೆಂದು ತಲೆಯಾಡಿಸಿದೆ.

"ನಿನ್ ಒಂಟಿ ಪಕ್ಕ ಅವಳ್ ಒಂಟಿ ನಿಲ್ಸಪ್ಪಾ. ಜೋಡಿ ಆಯ್ತೋ ಇಲ್ವೋ?" ಎನ್ನುತ್ತಲೇ ಅಂಜಿನಮ್ಮ ಓಡುತ್ತಾರೆ.

ಬಲೆ ಒಂದು ಕಡೆ ಹರಿದಿದೆ. ಅಲ್ಲಿಂದ ಐವತ್ತು ಹೆಜ್ಜೆಗೆ, ತೆಂಗಿನ ಸಸಿಗೆಂದು ತೋಡಿದ ಗುಂಡಿಯಲ್ಲಿ ಹೇಮಾವತಿಯ ಗಬ್ಬದ ಕುರಿ ಅಂಗಾತ ಬಿದ್ದಿದೆ. ಹೊಟ್ಟೆ ಉಬ್ಬಿದೆ, ನಾಲಗೆ ಹೊರಚಾಚಿದೆ. ಹಾಗೆ ಬಿದ್ದ ಕುರಿ ತಾನಾಗಿ ಏಳಲಾರದು. ಇನ್ನೊಂದಿಷ್ಟು ಹೊತ್ತು ಕಳೆದಿದ್ದರೆ ಉಸಿರೇ ನಿಲ್ಲುತ್ತಿತ್ತಂತೆ. ಅಂಜಿನಮ್ಮ ಗುಂಡಿಗಿಳಿದು ಅದನ್ನು ಮಗ್ಗುಲಿಗೆ ತಿರುಗಿಸಿ ಎತ್ತಿ ಕೊಡುತ್ತಾರೆ. ದೊಡ್ಡಬೀರಪ್ಪನ ಬೀಡಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಕುರಿ ಎದ್ದು ನಿಂತ ಮೇಲೆಯೇ ಅಂಜಿನಮ್ಮ ಮಾತಿಗೆ ಸಿಗುವುದು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಲವತ್ತು ವರ್ಷದಿಂದ ಇದೇ ಕೆಲಸ. "ಏಳು ಮರೀಗೆ ಮೂರ್ಮೂರು ಹಿಡಿ ಹುರುಳಿ ಹಾಕಿದ್ರೆ ಹಿಡಿ ಲೆಕ್ಕ ಒಂಟಿ. ನಾಕ್‌ನಾಕು ಹಾಕಿದ್ರೆ ಜೋಡಿ. ಒಂದ್ ಕಡೆ ಜೋಡಿ ಹೊಕ್ರೆ ಮುಗೀತು, ಎಲ್ಲಾ ಜೋಡೀನೇ" ಎನ್ನುತ್ತಾರೆ. ನಾವು ಪರೀಕ್ಷೆಗೆಂದು ಉರು ಹೊಡೆದ ಸಮ-ಬೆಸ ಸಂಖ್ಯೆಗಳ ಗುಣಾಕಾರದ ನಿಯಮ ಇದು!

"ಅಕಸ್ಮಾತ್ ಎರಡು ಕುರಿ ಹೋಗಿದ್ರೆ?" ತಮಾಷೆಗೆ ಕೇಳುತ್ತೇನೆ.

ಅವರು ನಗುವುದಿಲ್ಲ. "ಗೊತ್ತೇ ಆಗ್ತಿರ್ಲಿಲ್ಲ ಸ್ವಾಮಿ. ಒಂದ್ಸಲ ತೋಳಗಳು ಎರಡು ಮರೀನ ಹೊತ್ಕೊಂಡು ಹೋಗಿದ್ವು. ಬೆಳಿಗ್ಗೆ ಲೆಕ್ಕ ಜೋಡಿ ಬಂತು. ನಾನು ನೆಮ್ಮದಿಯಾಗಿ ಮುದ್ದೆ ಉಂಡೆ."

ಅಂದಿನಿಂದ ಲೆಕ್ಕ ಮುಗಿದ ಮೇಲೂ ಅವರು ಪ್ರತಿ ಕುರಿಯ ಮುಖ ನೋಡುತ್ತಾರೆ. ಆದರೂ ಬೇರೆ ಮನೆಯ ಮರಿಗಳ ಮುಖಗಳೆಲ್ಲ ನೆನಪಿರುವುದಿಲ್ಲವಂತೆ.

ನಿಮಗೇನು ಆಸೆ ಎಂದು ಕೇಳಿದರೆ, ಕೈಗಂಟಿದ ಗುಂಡಿಯ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಹೋಗೋದಿದ್ರೆ ಒಂಟಿ ಹೋಗ್ಲಿ ಸ್ವಾಮಿ. ಒಂಟಿ ಹೋದ್ರೆ ನಾನು ಹುಡುಕ್ಕೊಂಡು ಬತ್ತೀನಿ."